ಆಸ್ಟ್ರೇಲಿಯದ ಮೂಲನಿವಾಸಿಗಳೂ ಕಾನೂನು ವಿದ್ಯೆಯೂ

ಮಕ್ಕಳನ್ನು ವೈದ್ಯರನ್ನಾಗಿಯೋ ಎಂಜಿನಿಯರರನ್ನಾಗಿಯೋ ಮಾಡಬೇಕೆಂಬ ಹಂಬಲ ನಮ್ಮ ಮನೆಗಳಲ್ಲಿ ಬೇರೂರಿರುವಷ್ಟು, ನ್ಯಾಯವಾದಿಗಳನ್ನಾಗಿ ಮಾಡಬೇಕೆಂಬ ಹಂಬಲ ಬೇರೂರಿಲ್ಲ. ಕೋರ್ಟು ಕಚೇರಿಗಳ ಗೊಡವೆಯೇ ಬೇಡವೆನ್ನುವ ಹಿರಿಯರೇ ಹೆಚ್ಚು. ಆದರೆ ಒಂದು ಜನಾಂಗವು ತನ್ನ ನೆಲವನ್ನು ಮರಳಿ ಕೇಳಬೇಕಾಗಿ ಬಂದಾಗ ಈ ವಿದ್ಯೆಯ ಬೆಲೆ ತಿಳಿಯುತ್ತದೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಕಥೆ ಇದಕ್ಕೆ ನಿದರ್ಶನವಾಗಿದೆ.

ಆ ದೇಶದ ಜನಗಣತಿಯ ಲೆಕ್ಕದಿಂದ ಅಬಾರಿಜಿನಲ್ ಜನರನ್ನು ಹೊರಗಿಡುವ ವಿಧಿಯೊಂದು ಸಂವಿಧಾನದಲ್ಲಿಯೇ ಇದ್ದಿತು. 1967ರ ಜನಮತಗಣನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮತದಾರರು ಒಪ್ಪಿದ ಮೇಲೆ ಅದು ಹೋಯಿತು. ವಿಧಿ ಹೋಯಿತೆಂದು ಪೊಲೀಸರ ಕಾಟ ಹೋಗಲಿಲ್ಲ. ಸಿಡ್ನಿ ನಗರದ ರೆಡ್‌ಫರ್ನ್ ಬಡಾವಣೆಯಲ್ಲಿ ದಸ್ತಗಿರಿಗಳು ನಿತ್ಯದ ಮಾತಾಗಿದ್ದವು. 1970ರಲ್ಲಿ ಅಲ್ಲಿಯ ಯುವಕರು ಕೆಲವು ವಕೀಲರೊಡಗೂಡಿ ಅಬಾರಿಜಿನಲ್ ಕಾನೂನು ನೆರವಿನ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಅಧ್ಯಕ್ಷರು ಹಾಲ್ ವೂಟನ್. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಕಾನೂನು ವಿಭಾಗಕ್ಕೂ ಅವರೇ ಮೊದಲ ಡೀನರು. 1971ರಲ್ಲಿ ಪಾಠ ಆರಂಭಿಸಿದ ಆ ವಿಭಾಗವು ತನ್ನ ಮೊದಲ ವರ್ಷಗಳಲ್ಲಿಯೇ ಮೂಲನಿವಾಸಿ ವಿದ್ಯಾರ್ಥಿಗಳಿಗೆ ವಿಶೇಷ ಪ್ರವೇಶವನ್ನು ಕಲ್ಪಿಸಿತು.

ಆ ಬಾಗಿಲಿನಿಂದ ಒಳಗೆ ಬಂದವರು ಯಾರೆಂಬುದನ್ನು ನೋಡಬೇಕು. ಕ್ವೀನ್ಸ್‌ಲ್ಯಾಂಡಿನಲ್ಲಿ ಉಪಾಧ್ಯಾಯಿನಿಯಾಗಿದ್ದ ಪ್ಯಾಟ್ ಓಷೇನ್ 1976ರಲ್ಲಿ ಪದವೀಧರೆಯಾಗಿ, ಅಬಾರಿಜಿನಲ್ ಜನಾಂಗದ ಮೊದಲ ಮಹಿಳಾ ಬ್ಯಾರಿಸ್ಟರ್ ಎನಿಸಿದರು. 1986ರಲ್ಲಿ ಮ್ಯಾಜಿಸ್ಟ್ರೇಟರೂ ಆದರು. ನೌಕಾಪಡೆಯಲ್ಲಿ ದುಡಿದಿದ್ದ ಬಾಬ್ ಬೆಲೇರ್ ರೆಡ್‌ಫರ್ನಿನಲ್ಲಿ ಪೊಲೀಸರ ದೌರ್ಜನ್ಯವನ್ನು ಕಣ್ಣಾರೆ ಕಂಡು, ಕಾನೂನು ಓದಲು ನಿಶ್ಚಯಿಸಿದವರು. 1996ರಲ್ಲಿ ಅವರು ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಜನಾಂಗದಿಂದ ನ್ಯಾಯಾಧೀಶರ ಪೀಠವನ್ನೇರಿದವರಲ್ಲಿ ಅವರೇ ಮೊದಲಿಗರು. ಅಂಕಪಟ್ಟಿಯನ್ನಷ್ಟೇ ನೋಡಿ ಬಾಗಿಲು ಹಾಕಿದ್ದರೆ ಇವರು ಹೊರಗೇ ಉಳಿಯುತ್ತಿದ್ದರೇನೋ!

ಈಗ ಪ್ರವೇಶದ ಮಾರ್ಗಗಳು ಹಲವು. ಹನ್ನೆರಡನೆಯ ತರಗತಿ ಮುಗಿಸಿದವರನ್ನು ಸಾಮಾನ್ಯವಾಗಿ ಎಟಾರ್ ಎಂಬ ಶ್ರೇಣಿಯಿಂದ ಅಳೆಯುತ್ತಾರೆ. ನೂರಕ್ಕೆ ಎಷ್ಟು ಅಂಕವೆಂಬುದನ್ನು ಅದು ಹೇಳುವುದಿಲ್ಲ. ಸಮವಯಸ್ಕರ ನಡುವೆ ವಿದ್ಯಾರ್ಥಿಯ ಸ್ಥಾನವನ್ನು ತೋರಿಸುತ್ತದೆ. ಅದರ ಗರಿಷ್ಠ 99.95. ಕಾನೂನನ್ನು ಇನ್ನೊಂದು ಪದವಿಯೊಡನೆ ಸೇರಿಸಿ ಓದಿದರೆ ಸಾಮಾನ್ಯವಾಗಿ ಐದು ವರ್ಷ. ಬೇರೆ ಪದವಿ ಪಡೆದವರಿಗೆ ಜೂರಿಸ್ ಡಾಕ್ಟರ್ ಎಂಬ ಮೂರು ವರ್ಷದ ವ್ಯಾಸಂಗವುಂಟು. ಒಪ್ಪಂದ, ಅಪರಾಧ, ಸಂವಿಧಾನ, ಸಾಕ್ಷ್ಯ ಮೊದಲಾದ 11 ವಿಷಯಗಳು ಎಲ್ಲರಿಗೂ ಕಡ್ಡಾಯ. ಅನಂತರ ಪ್ರಾಯೋಗಿಕ ತರಬೇತಿ ಮುಗಿಸಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣ ಸ್ವೀಕರಿಸಬೇಕು.

ಮೂಲನಿವಾಸಿ ಮಕ್ಕಳಿಗೆ ಇನ್ನೊಂದು ದಾರಿಯಿದೆ. ಸಿಡ್ನಿಯ ಅದೇ ವಿಶ್ವವಿದ್ಯಾನಿಲಯವು ಪೂರ್ವಸಿದ್ಧತಾ ಶಿಬಿರವನ್ನು ನಡೆಸುತ್ತ ಬಂದಿದೆ. ಕೆಲವು ವಾರಗಳ ಕಾಲ ವಿದ್ಯಾರ್ಥಿಗಳು ಅಲ್ಲಿಯೇ ತಂಗಿ, ಕಾನೂನು ಪಾಠಗಳನ್ನು ಕೇಳಿ, ಪ್ರಬಂಧ ಬರೆದು ತಮ್ಮ ಯೋಗ್ಯತೆಯನ್ನು ತೋರಿಸುತ್ತಾರೆ. ಒಳಗೆ ಬಂದ ಮೇಲೆ ನುರಾ ಗಿಲಿ ಎಂಬ ಕೇಂದ್ರವು ಅವರ ಬೆನ್ನಿಗೆ ನಿಲ್ಲುತ್ತದೆ. ಸಿಡ್ನಿ ಪ್ರದೇಶದ ಮೂಲಭಾಷೆಯಲ್ಲಿ ನುರಾ ಎಂದರೆ ನೆಲೆ, ಗಿಲಿ ಎಂದರೆ ಬೆಂಕಿ ಅಥವಾ ಬೆಳಕು. ಜೀವನವೆಚ್ಚಕ್ಕೆ 1969ರಲ್ಲಿ ಆರಂಭವಾದ ಆಬ್‌ಸ್ಟಡಿ ಎಂಬ ಸರ್ಕಾರಿ ಸಹಾಯಧನವೂ ಇದೆ. ಇದು ದಯೆಯಿಂದ ಕೊಟ್ಟ ಪದವಿಯಲ್ಲವೇ ಎಂದು ಮೂಗು ಮುರಿಯುವವರು ಎಲ್ಲೆಡೆಯೂ ಇರುತ್ತಾರೆ. ಪ್ರವೇಶದ ದಾರಿ ಬೇರೆಯಾದರೂ ಬರೆಯುವ ಪರೀಕ್ಷೆ ಎಲ್ಲರಿಗೂ ಒಂದೇ ಎಂಬುದನ್ನು ಅವರು ಮರೆಯುತ್ತಾರೆ. ದೂರದ ಹಳ್ಳಿಯಿಂದ ಬಂದ ಮಗುವಿಗೆ ಬುದ್ಧಿಗಿಂತ ಮೊದಲು ಕುಂದುವುದು ಧೈರ್ಯ. ಹಾಸ್ಟೆಲುಗಳಲ್ಲಿ ಕಲಿತ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳನ್ನು ಅಲ್ಲಿಗೆ ಕಳುಹಿಸಲೆಣಿಸುವ ತಂದೆತಾಯಿಗಳು ಒಂದೆರಡು ಸಂಗತಿಗಳನ್ನು ಗಮನಿಸಬೇಕು. ಮೇಲಿನ ವಿಶೇಷ ಸೌಲಭ್ಯಗಳಾಗಲಿ, ದೇಶೀಯರಿಗೆ ದೊರೆಯುವ ಸರ್ಕಾರಿ ಶುಲ್ಕಸಾಲವಾಗಲಿ ವಿದೇಶೀಯರಿಗೆ ಸಲ್ಲುವುದಿಲ್ಲ. ಪದವಿ ಪಡೆದು ಹಿಂದಿರುಗಿ ಇಲ್ಲಿ ವಕೀಲಿ ನಡೆಸಬೇಕಾದರೆ ಆ ಪದವಿಗೆ ಭಾರತೀಯ ಬಾರ್ ಕೌನ್ಸಿಲಿನ ಮಾನ್ಯತೆಯಿರಬೇಕು, ಅದರ ಅರ್ಹತಾ ಪರೀಕ್ಷೆಯಲ್ಲಿಯೂ ಉತ್ತೀರ್ಣರಾಗಬೇಕು.

ಕೊನೆಯದಾಗಿ ಟೌನ್ಸ್‌ವಿಲ್ ಪಟ್ಟಣದ ಜೇಮ್ಸ್ ಕುಕ್ ವಿಶ್ವವಿದ್ಯಾನಿಲಯದ ಮಾತು. ಟಾರೆಸ್ ಜಲಸಂಧಿಯ ಮೇರ್ ದ್ವೀಪದ ಎಡ್ಡಿ ಮಾಬೋ ಅಲ್ಲಿ ತೋಟಗಾರನಾಗಿದ್ದ. ತನ್ನ ಪೂರ್ವಜರ ಭೂಮಿ ಕಾನೂನಿನ ಕಣ್ಣಿನಲ್ಲಿ ಸರ್ಕಾರದ್ದೆಂದು ಅಲ್ಲಿಯ ಇಬ್ಬರು ಅಧ್ಯಾಪಕರಿಂದ ತಿಳಿದಾಗ ಆತನಿಗೆ ನಂಬಲಾಗಲಿಲ್ಲ. 1982ರಲ್ಲಿ ಆತನೂ ಸಂಗಡಿಗರೂ ದಾವೆ ಹೂಡಿದರು. ಯಾರಿಗೂ ಸೇರದ ನೆಲವೆಂಬ ವಾದವನ್ನು ತಳ್ಳಿಹಾಕಿ 1992ರ ಜೂನ್ 3ರಂದು ಹೈಕೋರ್ಟು ತೀರ್ಪಿತ್ತಿತು. ಆಸ್ಟ್ರೇಲಿಯದಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ. ಮಾಬೋ ಆ ಜನವರಿಯಲ್ಲಿಯೇ ತೀರಿಕೊಂಡಿದ್ದ. ಮೂವತ್ತು ವರ್ಷಗಳ ಬಳಿಕ, 2022ರಲ್ಲಿ, ಲಿಂಕನ್ ಕ್ರೌಲಿ ಕ್ವೀನ್ಸ್‌ಲ್ಯಾಂಡ್ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು. ದೇಶದ ಯಾವ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿಯೂ ಅದುವರೆಗೆ ಮೂಲನಿವಾಸಿಯೊಬ್ಬರು ಆ ಸ್ಥಾನದಲ್ಲಿ ಕುಳಿತಿರಲಿಲ್ಲ. ಅವರು ಕಾನೂನು ಓದಿದ್ದು ಮಾಬೋ ಗಿಡಗಳಿಗೆ ನೀರೆರೆದ ಅದೇ ವಿಶ್ವವಿದ್ಯಾನಿಲಯದಲ್ಲಿ.