ಗೇಟಿನ ಒಳಗೊಂದು ಕಾನೂನು, ಹೊರಗೊಂದು ಕಾನೂನು

ಥೀಮ್ ಪಾರ್ಕಿಗೆ ಹೊರಡೋ ಮೊದಲು ನಾವೆಲ್ಲ ಏನು ನೋಡ್ತೀವಿ? ಟಿಕೆಟ್ ರೇಟು, ಹೋಟೆಲ್ ಬಾಡಿಗೆ, ಮಳೆ ಬರುತ್ತಾ, ಕ್ಯೂ ಎಷ್ಟು ಉದ್ದ ಇರುತ್ತೆ. ಅಷ್ಟೇ. ಆದ್ರೆ ಅಮೆರಿಕದ ಫ್ಲೋರಿಡಾ ರಾಜ್ಯಕ್ಕೆ ಹೊರಟ ಟ್ರಾನ್ಸ್‌ಜೆಂಡರ್ ಪ್ರಯಾಣಿಕರಿಗೆ ಈ ಪಟ್ಟಿ ಸಾಲೋದಿಲ್ಲ. ದಾರಿಯಲ್ಲಿ ಸಿಗೋ ಪ್ರತಿ ಶೌಚಾಲಯದ ಮುಂದೆ ಅವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈ ಕಟ್ಟಡ ಯಾರದ್ದು? ಸರ್ಕಾರದ್ದಾ, ಖಾಸಗಿಯವರದ್ದಾ?

ಇದು ತಮಾಷೆಯ ಪ್ರಶ್ನೆ ಅಲ್ಲ. ಉತ್ತರ ತಪ್ಪಾದ್ರೆ ಪೊಲೀಸ್ ಕೇಸ್ ಆಗಬಹುದು. ಹೇಗೆ ಅನ್ನೋದನ್ನ ಇವತ್ತು ಬಿಡಿಸಿ ನೋಡೋಣ.

ಮೊದಲು ಜಾಗದ ಪರಿಚಯ. ಫ್ಲೋರಿಡಾದ ಒರ್ಲ್ಯಾಂಡೊ ಅಂದ್ರೆ ಥೀಮ್ ಪಾರ್ಕುಗಳ ರಾಜಧಾನಿ. 1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೀತು. 1990ರಲ್ಲಿ ಯೂನಿವರ್ಸಲ್ ಬಂತು. 2025ರ ಮೇ ತಿಂಗಳಲ್ಲಿ ಅದೇ ಯೂನಿವರ್ಸಲ್‌ನವರ ಎಪಿಕ್ ಯೂನಿವರ್ಸ್ ಶುರುವಾಯ್ತು. ವರ್ಷಕ್ಕೆ 7 ಕೋಟಿಗೂ ಹೆಚ್ಚು ಜನ ಈ ಊರಿಗೆ ಬರ್ತಾರೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರೋ ನಮ್ಮ ಕನ್ನಡದ ಕುಟುಂಬಗಳು, ಬೇಸಿಗೆ ರಜೆಗೆ ಮಗ-ಸೊಸೆ ಮನೆಗೆ ಹೋದ ಅಪ್ಪ-ಅಮ್ಮ, ಇವರ ಫೋಟೋ ಆಲ್ಬಮ್‌ಗಳಲ್ಲೂ ಸಿಂಡರೆಲಾ ಅರಮನೆ ಇದ್ದೇ ಇರುತ್ತೆ. ಆ ಕುಟುಂಬಗಳಲ್ಲೂ ಟ್ರಾನ್ಸ್‌ಜೆಂಡರ್ ಮಕ್ಕಳು, ಅಕ್ಕ-ತಂಗಿಯರು, ಅಣ್ಣ-ತಮ್ಮಂದಿರು ಇರ್ತಾರೆ. ಹಾಗಾಗಿ ಇದು ಬರೀ ಅವರೂರಿನ ಸುದ್ದಿ ಅಲ್ಲ.

ಈಗ ಕಾನೂನಿಗೆ ಬರೋಣ. 2023ರ ಮೇ 17ರಂದು ಫ್ಲೋರಿಡಾ ಗವರ್ನರ್ ರಾನ್ ಡಿಸ್ಯಾಂಟಿಸ್ ಒಂದು ಮಸೂದೆಗೆ ಸಹಿ ಹಾಕಿದ್ರು. ಜುಲೈ 1ರಿಂದ ಅದು ಜಾರಿಗೆ ಬಂತು. ಸರ್ಕಾರಿ ಕಟ್ಟಡಗಳಲ್ಲಿ, ಶಾಲೆಗಳಲ್ಲಿ, ಜೈಲುಗಳಲ್ಲಿ ಹುಟ್ಟಿದಾಗಿನ ಲಿಂಗ ಯಾವುದೋ ಆ ಶೌಚಾಲಯವನ್ನೇ ಬಳಸಬೇಕು ಅನ್ನೋದು ಅದರ ತಿರುಳು. ಸರ್ಕಾರಿ ಕಟ್ಟಡ ಅಂದ್ರೆ ರಾಜ್ಯದ್ದೋ, ಕೌಂಟಿಯದ್ದೋ, ನಗರಾಡಳಿತದ್ದೋ ಆಗಿರೋ, ಇಲ್ಲಾ ಅವರು ಗುತ್ತಿಗೆಗೆ ಪಡೆದಿರೋ ಕಟ್ಟಡ. ವಯಸ್ಕರೊಬ್ಬರು ಬೇರೆ ಶೌಚಾಲಯಕ್ಕೆ ಹೋದ್ರು ಅಂತಿಟ್ಟುಕೊಳ್ಳಿ. ಅಲ್ಲಿನ ಸಿಬ್ಬಂದಿ ಹೊರಗೆ ಹೋಗಿ ಅಂತಾರೆ. ತಕ್ಷಣ ಹೋಗದಿದ್ರೆ ಅದು ಅತಿಕ್ರಮ ಪ್ರವೇಶದ ಅಪರಾಧ.

ಇಲ್ಲಿ ಒಂದು ವಿಷಯ ಸರಿಯಾಗಿ ಗಮನಿಸಿ. ಡಿಸ್ನಿ ಖಾಸಗಿ ಕಂಪನಿ. ಯೂನಿವರ್ಸಲ್ ಕೂಡ ಖಾಸಗಿ. ಅವರ ಪಾರ್ಕಿನ ಒಳಗಿನ ಶೌಚಾಲಯಕ್ಕೆ ಈ ಕಾನೂನು ಅನ್ವಯ ಆಗೋದಿಲ್ಲ. ಹಾಗಾದ್ರೆ ಸಮಸ್ಯೆ ಎಲ್ಲಿದೆ? ದಾರಿಯಲ್ಲಿದೆ.

ಒಂದು ಪ್ರಯಾಣವನ್ನ ಕಣ್ಣಮುಂದೆ ತಂದುಕೊಳ್ಳಿ. ವಿಮಾನ ಒರ್ಲ್ಯಾಂಡೊದಲ್ಲಿ ಇಳೀತು. ಆ ವಿಮಾನ ನಿಲ್ದಾಣ ನಗರಾಡಳಿತದ ಆಸ್ತಿ. ಅಂದ್ರೆ ಹತ್ತಾರು ಗಂಟೆ ವಿಮಾನದಲ್ಲಿ ಕೂತು ಬಂದವರು ಮೊದಲು ಹುಡುಕೋ ಶೌಚಾಲಯವೇ ಈ ಕಾನೂನಿನ ಕೆಳಗೆ ಬರುತ್ತೆ. ಅಲ್ಲಿಂದ ಡಿಸ್ನಿಗೆ ಸುಮಾರು 30 ಕಿಲೋಮೀಟರ್. ಗೇಟು ದಾಟಿದ್ರೆ ಖಾಸಗಿ ಜಾಗ, ಕಾನೂನು ಇಲ್ಲ. ಮಾರನೇ ದಿನ ಇಂಟರ್‌ನ್ಯಾಷನಲ್ ಡ್ರೈವ್ ರಸ್ತೆಯ ಕನ್ವೆನ್ಷನ್ ಸೆಂಟರ್‌ನಲ್ಲಿ ಏನೋ ಸಮ್ಮೇಳನ ಇದೆ ಅಂತ ಹೋದ್ರೆ ಅದು ಆರೆಂಜ್ ಕೌಂಟಿಯದ್ದು, ಕಾನೂನು ಇದೆ. ಪಕ್ಕದ ಹೋಟೆಲ್ ಖಾಸಗಿ, ಇಲ್ಲ. ಕಾರಲ್ಲಿ ಮಯಾಮಿಗೆ ಹೊರಟು ಟರ್ನ್‌ಪೈಕ್ ಹೆದ್ದಾರಿಯ ವಿಶ್ರಾಂತಿ ತಾಣದಲ್ಲಿ ಕಾಫಿಗೆ ನಿಂತರೆ ಆ ಹೆದ್ದಾರಿ ರಾಜ್ಯ ಸರ್ಕಾರದ್ದು, ಮತ್ತೆ ಕಾನೂನು ಇದೆ. ಒಂದೇ ರಜೆ, ಅದೇ ಮನುಷ್ಯರು. ಆದ್ರೆ ಬಾಗಿಲು ಬಾಗಿಲಿಗೂ ನಿಯಮ ಬೇರೆ. ಬಾಗಿಲ ಮೇಲೆ ಕಟ್ಟಡದ ಮಾಲೀಕರ ಹೆಸರು ಬರೆದಿರೋದಿಲ್ಲ.

ಇದೆಲ್ಲ ಕಾಗದದ ಮೇಲಿನ ಕಾನೂನು, ಯಾರು ಹಿಡೀತಾರೆ ಅಂತ ಕೇಳಬಹುದು. 2025ರ ಮಾರ್ಚ್‌ನಲ್ಲಿ 20 ವರ್ಷದ ಒಬ್ಬ ಟ್ರಾನ್ಸ್ ವಿದ್ಯಾರ್ಥಿನಿ ಫ್ಲೋರಿಡಾದ ವಿಧಾನಸಭಾ ಕಟ್ಟಡಕ್ಕೆ ಹೋದರು. ಪ್ರತಿಭಟನೆ ಅಂತಲೇ, ಮೊದಲೇ ಪತ್ರ ಬರೆದು ತಿಳಿಸಿ ಹೋದರು. ಮಹಿಳೆಯರ ಶೌಚಾಲಯದಲ್ಲಿ ಕೈ ತೊಳೆದರು. ಪೊಲೀಸರು ಬಂಧಿಸಿದರು. ಆ ಆರೋಪಕ್ಕೆ 60 ದಿನದವರೆಗೆ ಜೈಲು ಸಾಧ್ಯವಿತ್ತು. ಸರ್ಕಾರಿ ವಕೀಲರು ಗಡುವಿನೊಳಗೆ ಮುಂದುವರಿಯಲಿಲ್ಲ ಅನ್ನೋ ಕಾರಣಕ್ಕೆ ಕೇಸ್ ಬಿದ್ದುಹೋಯ್ತು. ಕೇಸ್ ಬಿತ್ತು, ಕಾನೂನು ಬೀಳಲಿಲ್ಲ.

ಅಮೆರಿಕದ ಪ್ರಜೆಗೆ ಅಲ್ಲಿಗೆ ಕಥೆ ಮುಗೀಬಹುದು. ನಮ್ಮವರಿಗೆ ಮುಗಿಯೋದಿಲ್ಲ. ಅಮೆರಿಕದ ವೀಸಾ ಅರ್ಜಿ ತುಂಬಿದವರಿಗೆ ಗೊತ್ತು, ಅದರಲ್ಲಿ ಒಂದು ಪ್ರಶ್ನೆ ಇದೆ: ನಿಮ್ಮನ್ನ ಯಾವತ್ತಾದ್ರೂ ಬಂಧಿಸಿದ್ದಾರಾ? ಶಿಕ್ಷೆ ಆಯ್ತಾ ಅಂತ ಮಾತ್ರ ಅಲ್ಲ, ಬಂಧನ ಆಯ್ತಾ ಅಂತ. ಎಚ್-1ಬಿ ವೀಸಾದಲ್ಲಿ ಕೆಲಸ ಮಾಡ್ತಿರೋ ಒಬ್ಬ ಟ್ರಾನ್ಸ್ ಎಂಜಿನಿಯರ್ ರಜೆಗೆ ಹೋಗಿ, ಶೌಚಾಲಯದ ಬಾಗಿಲಲ್ಲಿ ಮಾತಿಗೆ ಮಾತು ಬೆಳೆದು ಠಾಣೆ ಕಂಡರೆ, ಕೇಸ್ ಬಿದ್ದುಹೋದ ಮೇಲೂ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲಿ 'ಹೌದು' ಅಂತ ಬರೆಯಬೇಕು.

ಕಾನೂನಿನ ಪರ ಇರೋರ ಮಾತನ್ನೂ ಕೇಳೋಣ. ಮಹಿಳೆಯರ, ಹೆಣ್ಣುಮಕ್ಕಳ ಖಾಸಗಿತನ ಮತ್ತು ರಕ್ಷಣೆಗೆ ಇದು ಬೇಕು ಅನ್ನೋದು ಅವರ ವಾದ. ಆ ಆತಂಕವನ್ನ ನಾನು ಹಗುರವಾಗಿ ತಗೊಳ್ಳಲ್ಲ. ಸಾರ್ವಜನಿಕ ಶೌಚಾಲಯಕ್ಕೆ ಹೋಗೋವಾಗ ಹೆದರಿಕೊಂಡು ಹೋಗೋ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ. ಆದ್ರೆ ಒಳಗೆ ಹೋಗಿ ಕಿರುಕುಳ ಕೊಡೋದು, ಕದ್ದು ಚಿತ್ರ ತೆಗೆಯೋದು ಮೊದಲಿಂದಲೂ ಅಪರಾಧವೇ. ಹೊಸ ಕಾನೂನು ಕೇಳೋದು ನೀನು ಏನು ಮಾಡಿದೆ ಅಂತಲ್ಲ, ನೀನು ಯಾರು ಅಂತ. ಅದನ್ನ ಬಾಗಿಲಲ್ಲಿ ನಿಂತು ಪತ್ತೆ ಮಾಡೋದು ಹೇಗೆ? ಮುಖ ನೋಡಿ. ಕೂದಲು ನೋಡಿ. ದನಿ ಕೇಳಿ.

ಇಲ್ಲೇ ನನ್ನೊಳಗಿನ ಎಂಜಿನಿಯರ್ ಎದ್ದು ಕೂರ್ತಾನೆ. ಡಿಸ್ನಿಯ ಸ್ಪೇಸ್ ಮೌಂಟನ್ ರೋಲರ್ ಕೋಸ್ಟರ್‌ಗೆ ಹತ್ತಬೇಕಂದ್ರೆ ಕನಿಷ್ಠ 44 ಇಂಚು ಎತ್ತರ ಇರಬೇಕು. ಬಾಗಿಲಲ್ಲಿ ಅಳತೆ ಕೋಲು ಇದೆ. ಮನೆಯಲ್ಲೇ ಅಳೆದುಕೊಂಡು ಹೋಗಬಹುದು, ಯಾರ ಮರ್ಜಿಯೂ ಬೇಡ. ರೋಲರ್ ಕೋಸ್ಟರ್ ಹಳಿಯನ್ನ ಭಾಗ ಭಾಗ ಮಾಡಿರ್ತಾರೆ. ಮುಂದಿನ ಗಾಡಿ ಒಂದು ಭಾಗ ಬಿಡೋವರೆಗೂ ಹಿಂದಿನ ಗಾಡಿಗೆ ಅಲ್ಲಿ ಪ್ರವೇಶ ಇಲ್ಲ. ಏನಾದ್ರೂ ಕೆಟ್ಟರೆ ಬ್ರೇಕು ತಾನಾಗೇ ಹಿಡಿಯೋ ಹಾಗೆ ವಿನ್ಯಾಸ ಮಾಡಿರ್ತಾರೆ. ಅಂದ್ರೆ ಸುರಕ್ಷತೆ ಅನ್ನೋದು ಆಪರೇಟರ್‌ನ ಮೂಡಿನ ಮೇಲೆ ನಿಂತಿಲ್ಲ. ಇನ್ನು ಶೌಚಾಲಯದ ನಿಯಮ ನೋಡಿ. ಅಳತೆ ಕೋಲಿಲ್ಲ. ಇರೋದು ಒಬ್ಬ ಸಿಬ್ಬಂದಿಯ ಕಣ್ಣು, ಅವತ್ತಿನ ಅವರ ಅಂದಾಜು.

ಅಂದಾಜು ತಪ್ಪೋದೂ ಉಂಟು. 2025ರ ಮೇ ತಿಂಗಳಲ್ಲಿ ಬೋಸ್ಟನ್‌ನ ಒಂದು ಹೋಟೆಲ್‌ನಲ್ಲಿ ಹುಟ್ಟಿನಿಂದಲೇ ಹೆಣ್ಣಾಗಿರೋ ಒಬ್ಬರನ್ನ ಮಹಿಳೆಯರ ಶೌಚಾಲಯದಿಂದ ಹೊರಗೆ ಕರೆದು ಗುರುತಿನ ಚೀಟಿ ಕೇಳಿದ್ರು. ಬೋಸ್ಟನ್‌ನಲ್ಲಿ ಇಂಥ ಕಾನೂನೂ ಇಲ್ಲ. ಅನುಮಾನಕ್ಕೆ ಕಾನೂನು ಬೇಕಾಗಿಲ್ಲ, ಆದ್ರೆ ಕಾನೂನು ಅನುಮಾನಕ್ಕೆ ಧೈರ್ಯ ಕೊಡುತ್ತೆ.

ಇನ್ನು ವಿಮಾನ ನಿಲ್ದಾಣದ ಸ್ಕ್ಯಾನರ್. ಕೈ ಮೇಲೆತ್ತಿ ನಿಲ್ಲೋ ಗಾಜಿನ ಗೂಡು ನೋಡಿದ್ದೀರಲ್ಲ? ಅದು ರೇಡಿಯೋ ತರಂಗ ಬಿಟ್ಟು ಬಟ್ಟೆಯ ಒಳಗೆ ಏನಾದ್ರೂ ಇದೆಯಾ ಅಂತ ನೋಡುತ್ತೆ. ಬಹಳ ವರ್ಷ ಅದರಲ್ಲಿ ಎರಡು ಬಟನ್ ಇದ್ದವು. ಗಂಡು, ಹೆಣ್ಣು. ಪ್ರಯಾಣಿಕರು ಒಳಗೆ ಬರ್ತಿದ್ದ ಹಾಗೇ ಅಧಿಕಾರಿ ಮುಖ ನೋಡಿ ಒಂದನ್ನ ಒತ್ತಬೇಕು. ಒತ್ತಿದ ಬಟನ್‌ಗೂ ದೇಹದ ಆಕಾರಕ್ಕೂ ಹೊಂದಾಣಿಕೆ ಆಗದಿದ್ರೆ ಯಂತ್ರ ಆ ಜಾಗಕ್ಕೆ ಗುರುತು ಹಾಕುತ್ತೆ. ಆಮೇಲೆ ಕೈಯಿಂದ ತಪಾಸಣೆ. ಏನೂ ಬಚ್ಚಿಡದ ಮನುಷ್ಯರು ತಮ್ಮ ದೇಹಕ್ಕೇ ಉತ್ತರ ಕೊಡಬೇಕು, ಅದೂ ಕ್ಯೂನಲ್ಲಿರೋ ಎಲ್ಲರ ಮುಂದೆ. 2022ರ ಮಾರ್ಚ್‌ನಲ್ಲಿ ಅಮೆರಿಕದ ಭದ್ರತಾ ಸಂಸ್ಥೆ ಟಿಎಸ್‌ಎ, ಗಂಡು-ಹೆಣ್ಣು ಅಂತ ಕೇಳದ ಹೊಸ ಸಾಫ್ಟ್‌ವೇರ್ ಹಾಕ್ತೀವಿ ಅಂತ ಹೇಳಿತು. ನೋಡಿ, ಯಂತ್ರವನ್ನ ತಿದ್ದೋಕೆ ಆಗುತ್ತೆ. ಮನಸ್ಸು ಮಾಡಿದ್ರೆ ನಿಯಮವನ್ನೂ ತಿದ್ದಬಹುದು.

ಮುಂದಿನದು ಕಾಗದಪತ್ರ. ಭಾರತದ ಪಾಸ್‌ಪೋರ್ಟ್‌ನಲ್ಲಿ ಟ್ರಾನ್ಸ್‌ಜೆಂಡರ್ ಅಂತ ಪ್ರತ್ಯೇಕ ಆಯ್ಕೆ ಇದೆ, ಪುಸ್ತಕದಲ್ಲಿ 'ಟಿ' ಅಂತ ಅಚ್ಚಾಗುತ್ತೆ. ಅಮೆರಿಕವೂ 2022ರ ಏಪ್ರಿಲ್‌ನಿಂದ ತನ್ನ ಪ್ರಜೆಗಳಿಗೆ 'ಎಕ್ಸ್' ಅನ್ನೋ ಗುರುತು ಕೊಡ್ತಿತ್ತು. 2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಅದನ್ನ ನಿಲ್ಲಿಸೋ ಆದೇಶಕ್ಕೆ ಸಹಿ ಹಾಕಿದ್ರು. ಪಾಸ್‌ಪೋರ್ಟ್ ಇರಲಿ, ವೀಸಾ ಇರಲಿ, ಗಂಡು ಇಲ್ಲಾ ಹೆಣ್ಣು, ಹುಟ್ಟಿದಾಗ ಇದ್ದ ಹಾಗೆ. ಆಮೇಲೆ ಜರ್ಮನಿ, ಡೆನ್ಮಾರ್ಕ್, ಫಿನ್ಲೆಂಡ್‌ನಂಥ ದೇಶಗಳು ಅಮೆರಿಕಕ್ಕೆ ಹೋಗೋ ತಮ್ಮ ಪ್ರಜೆಗಳಿಗೆ ಸೂಚನೆ ಬದಲಾಯಿಸಿದವು. ದಾಖಲೆಯಲ್ಲಿ 'ಎಕ್ಸ್' ಇದ್ರೆ ಮೊದಲೇ ರಾಯಭಾರ ಕಚೇರಿ ಸಂಪರ್ಕಿಸಿ ಅಂತ ಡೆನ್ಮಾರ್ಕ್ ಹೇಳಿತು. ಕೆನಡಾ 2023ರಲ್ಲೇ ಅಮೆರಿಕದ ರಾಜ್ಯಗಳ ಕಾನೂನು ನೋಡಿಕೊಂಡು ಹೋಗಿ ಅಂತ ಎಚ್ಚರಿಸಿತ್ತು. ಅಂದ್ರೆ ಈ ಆತಂಕ ಯಾರೋ ನಾಲ್ಕು ಜನ ಕಟ್ಟಿದ ಕಥೆ ಅಲ್ಲ, ಸರ್ಕಾರಗಳೇ ಲಿಖಿತವಾಗಿ ಹೇಳಿರೋ ಮಾತು.

ಹಾಗಾದ್ರೆ ಹೋಗಲೇಬಾರದಾ? ಅದನ್ನ ಹೇಳೋಕೆ ನಾನ್ಯಾರು. ಹೋಗೋರು ಏನು ಮಾಡಬಹುದು ಅಂತ ಹೇಳಬಲ್ಲೆ.

ಒಂದು, ಹೆಸರು. ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್ ಎರಡೂ ಪಾಸ್‌ಪೋರ್ಟ್‌ನಲ್ಲಿ ಇರೋ ಹೆಸರಲ್ಲೇ ಇರಲಿ. ಮನೆಯಲ್ಲಿ ಕರೆಯೋ ಹೆಸರು ಬೇರೆ ಇರಬಹುದು, ಆದ್ರೆ ಕೌಂಟರ್ ಮುಂದೆ ವಾದಕ್ಕೆ ಅವಕಾಶ ಕೊಡಬೇಡಿ.

ಎರಡು, ಔಷಧಿ. ಟ್ರಾನ್ಸ್ ಪುರುಷರಲ್ಲಿ ಹಲವರು ತಗೊಳ್ಳೋ ಟೆಸ್ಟೋಸ್ಟಿರಾನ್ ಅಮೆರಿಕದಲ್ಲಿ ನಿಯಂತ್ರಿತ ಔಷಧಿಗಳ ಪಟ್ಟಿಯಲ್ಲಿದೆ. ಅಂಗಡಿಯ ಲೇಬಲ್ ಇರೋ ಮೂಲ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ.

ಮೂರು, ತಪಾಸಣೆ. ಕೈಯಿಂದ ತಪಾಸಣೆ ಮಾಡ್ತೀವಿ ಅಂದ್ರೆ, ಪ್ರತ್ಯೇಕ ಕೋಣೆಯಲ್ಲಿ ಮಾಡಿ ಅಂತ ಕೇಳೋ ಹಕ್ಕಿದೆ. ಜೊತೆಗಿರೋ ಒಬ್ಬರನ್ನ ಒಳಗೆ ಕರೆದುಕೊಂಡು ಹೋಗಬಹುದು. ಕೇಳದೆ ಯಾರೂ ಕೊಡಲ್ಲ, ಕೇಳಿ.

ನಾಲ್ಕು, ಶೌಚಾಲಯ. ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳೋ ಫ್ಯಾಮಿಲಿ ರೂಮ್ ಯಾವ ಲಿಂಗಕ್ಕೂ ಮೀಸಲಲ್ಲ, ಫ್ಲೋರಿಡಾ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಡಿಸ್ನಿ ಪಾರ್ಕುಗಳಲ್ಲಿ ಕಂಪ್ಯಾನಿಯನ್ ರೆಸ್ಟ್‌ರೂಮ್ ಅನ್ನೋ ಹೆಸರಲ್ಲಿ ಇಂಥವು ಇವೆ, ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಸರ್ಕಾರಿ ಕಟ್ಟಡದಲ್ಲಿ ಸಿಬ್ಬಂದಿ ಹೊರಗೆ ಹೋಗಿ ಅಂದ್ರೆ, ಹೊರಗೆ ಬನ್ನಿ. ಈ ಮಾತು ಹೇಳೋಕೆ ನನಗೂ ಕಷ್ಟ ಆಗುತ್ತೆ. ಆದ್ರೆ ಅಪರಾಧ ಆಗೋದು ಹೊರಗೆ ಹೋಗೋದಿಲ್ಲ ಅಂದಾಗ. ನ್ಯಾಯ ಯಾರ ಕಡೆ ಇದೆ ಅನ್ನೋದನ್ನ ಆಮೇಲೆ ವಕೀಲರ ಜೊತೆ ಕೂತು ಮಾತಾಡಬಹುದು.

ಐದನೆಯದು ಜೊತೆಗೆ ಹೋಗೋರಿಗೆ. ಬ್ಯಾಗ್ ಹಿಡ್ಕೊಂಡು ಬಾಗಿಲ ಹತ್ತಿರ ನಿಲ್ಲಿ. ಮೊಬೈಲ್ ಚಾರ್ಜ್ ಇರಲಿ. ಯಾರಾದ್ರೂ ಗುರಾಯಿಸಿದ್ರೆ ಪಕ್ಕಕ್ಕೆ ಹೋಗಿ ನಿಂತುಕೊಳ್ಳಿ. ಇಷ್ಟು ಮಾಡೋಕೆ ಕಾನೂನು ಓದಬೇಕಾಗಿಲ್ಲ.

ಇನ್ನೊಂದು ಆಯ್ಕೆಯೂ ಇದೆ. ಡಿಸ್ನಿಯ ಮೊದಲ ಪಾರ್ಕ್ ಇರೋದು ಫ್ಲೋರಿಡಾದಲ್ಲಲ್ಲ, ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ. 1955ರಲ್ಲಿ ಶುರುವಾಗಿದ್ದು. ಆ ರಾಜ್ಯದ ಕಾನೂನು ಲಿಂಗತ್ವದ ಆಧಾರದಲ್ಲಿ ಗಿರಾಕಿಗಳಿಗೆ ತಾರತಮ್ಯ ಮಾಡೋದನ್ನ ನಿಷೇಧಿಸುತ್ತೆ. ಒಬ್ಬರೇ ಬಳಸೋ ಸಾರ್ವಜನಿಕ ಶೌಚಾಲಯ ಎಲ್ಲರಿಗೂ ತೆರೆದಿರಬೇಕು ಅಂತ 2017ರ ಮಾರ್ಚ್‌ನಿಂದ ನಿಯಮ ಇದೆ. ಅದೇ ಕಂಪನಿ, ಅದೇ ಮಿಕ್ಕಿ ಮೌಸ್. ರಾಜ್ಯ ಬೇರೆ, ಪ್ರಯಾಣಿಕರ ಎದೆಬಡಿತವೂ ಬೇರೆ.

ಒರ್ಲ್ಯಾಂಡೊಗೆ ಈ ಜನ ಹೊಸಬರೇನಲ್ಲ. 1991ರಲ್ಲೇ ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರು ಡಿಸ್ನಿಯಲ್ಲಿ ಒಟ್ಟಾಗಿ ಸೇರೋ ಗೇ ಡೇಸ್ ಶುರುವಾಗಿದ್ದು ಅಲ್ಲಿ. 2016ರ ಜೂನ್ 12ರಂದು ಪಲ್ಸ್ ನೈಟ್‌ಕ್ಲಬ್‌ನಲ್ಲಿ ಬಂದೂಕುಧಾರಿ 49 ಜನರನ್ನ ಕೊಂದಿದ್ದೂ ಅದೇ ಊರಲ್ಲಿ. ಅವರ ನೆನಪಿಗೆ ರಸ್ತೆಯಲ್ಲಿ ಬಳಿದಿದ್ದ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳನ್ನ 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ರಾತ್ರೋರಾತ್ರಿ ಅಳಿಸಿ ಹಾಕಿತು. ಆ ಊರಲ್ಲಿ ಭಯ ಅನ್ನೋದಕ್ಕೆ ಹಿಂದಿನ ಲೆಕ್ಕ ಇದೆ.

ಥೀಮ್ ಪಾರ್ಕ್ ಮಾರೋದು ಒಂದೇ ಸರಕು. ಒಂದು ದಿನದ ಮಟ್ಟಿಗೆ ಚಿಂತೆ ಮರೆಯೋದು. ಎಲ್ಲರೂ ಅಷ್ಟೇ ದುಡ್ಡು ಕೊಟ್ಟು ಟಿಕೆಟ್ ತಗೊಳ್ತಾರೆ. ಆದ್ರೆ ಕೆಲವರು ಬೆಳಗ್ಗೆಯಿಂದ ನೀರು ಕುಡಿಯೋದನ್ನ ಲೆಕ್ಕ ಹಾಕ್ತಾ ಇರ್ತಾರೆ, ಯಾಕಂದ್ರೆ ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತೆ. ಫ್ಲೋರಿಡಾದ ಆ ಸುಡುಬಿಸಿಲಲ್ಲಿ, ಮಕ್ಕಳನ್ನ ಕರ್ಕೊಂಡು, ನೀರು ಕುಡಿಯದೆ. ಸುರಕ್ಷತೆ ಅನ್ನೋ ಪದವನ್ನ ಚರ್ಚೆಯಲ್ಲಿ ಯಾರು ಬಳಸಿದ್ರೂ, ಈ ಬಾಯಾರಿಕೆಯನ್ನೂ ಆ ಲೆಕ್ಕಕ್ಕೆ ಸೇರಿಸಲಿ.