ಹೊಲದೊಳಗಿನ ಬೊಡ್ಡೆಗಳನ್ನು ಸಣ್ಣ ಜೇಸಿಬಿಯಿಂದ ಕೀಳುವ ಕ್ರಮ

ಬೇವೂರಿನ ಸುತ್ತಲಿನ ಸೀಮೆಯಲ್ಲಿ ವರ್ಷಕ್ಕೆ ಸುಮಾರು 22 ಅಂಗುಲ ಮಳೆ ಮಾತ್ರ ಬೀಳುವದು. ಇಂಥ ಕಡೆಯಲ್ಲಿ ಎರೆಭೂಮಿಯ ಒಂದೊಂದು ಗುಂಟೆಯೂ ಬೆಲೆಯುಳ್ಳದ್ದು. ಆದರೂ ಕೆಲವು ವರ್ಷ ಬೀಳು ಬಿಟ್ಟ ಹೊಲಗಳಲ್ಲಿ ಬಳ್ಳಾರಿ ಜಾಲಿಯು ಹಬ್ಬಿಕೊಂಡು, ಕಡಿದ ಮೇಲೂ ಅದರ ಬೊಡ್ಡೆಗಳು ನೆಲದಲ್ಲಿಯೇ ಉಳಿಯುವವು. ಕುಂಟೆ ಸಿಕ್ಕೀತು, ಕೂರಿಗೆ ಮುರಿದೀತು ಎಂದು ಅಂಜಿ ಒಕ್ಕಲಿಗನು ಬೊಡ್ಡೆಯ ಸುತ್ತಲೂ 5 ಅಡಿ ಬಿಟ್ಟು ಬಿತ್ತುವನು. ಹೀಗೆ ಒಂದು ಬೊಡ್ಡೆಗೆ 78 ಚದರಡಿ ಭೂಮಿ ಹೋಗುವದು. ಎಕರೆಗೆ 20 ಬೊಡ್ಡೆಗಳಿದ್ದರೆ ಸುಮಾರು ಒಂದೂವರೆ ಗುಂಟೆ ಪ್ರತಿವರ್ಷವೂ ಬರಿದೇ ಉಳಿಯುವದು.

ಈ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಸಾಯುವದಿಲ್ಲ. ಬುಡದ ಮೊಗ್ಗುಗಳಿಂದ ಮತ್ತೆ ಹಲವು ಚಿಗುರುಗಳು ಏಳುವವು. ಆದಕಾರಣ ಬುಡವನ್ನು ನೆಲದೊಳಗೆ ಕನಿಷ್ಠ 1 ಅಡಿಯ ವರೆಗೆ ಬೇರುಸಹಿತ ತೆಗೆಯತಕ್ಕದ್ದು. ಹಾರೆ ಗುದ್ದಲಿಗಳಿಂದ ದಿನಗಟ್ಟಲೆ ಹಿಡಿಯುವ ಈ ಕೆಲಸವು ಸಣ್ಣ ಜೇಸಿಬಿಯಿಂದ ಬೇಗನೆ ಆಗುವದು. ಆದರೆ ಅವಸರದಿಂದ ಹೊಲ ಕೆಡುವದೂ ಉಂಟು.

ಕಾಲ: ಹಿಂಗಾರಿ ಜೋಳ, ಕಡಲೆಗಳ ಒಕ್ಕಣೆ ಮುಗಿದ ತರುವಾಯ, ಮುಂಗಾರಿನ ಒಳಗೆ ಈ ಕೆಲಸ ಮುಗಿಸಬೇಕು. ಒಂದು ಅಡ್ಡಮಳೆಯಾಗಿ ನೆಲಕ್ಕೆ ಹದ ಬಂದಾಗ ಅಗೆತವು ಸುಲಭ. ಎರೆಯು ಅಂಟುವಷ್ಟು ಹಸಿಯಿದ್ದಾಗ ಯಂತ್ರವನ್ನು ಇಳಿಸಲೇಬಾರದು. ಗಾಲಿಯ ಭಾರಕ್ಕೆ ಮಣ್ಣು ಒತ್ತಿ ಗಟ್ಟಿಯಾಗಿ, ಮುಂದೆ ನೀರನ್ನು ಹೀರದು.

ಕ್ರಮ: ಇನ್ನೂ ಕಡಿಯದ ಮರವಿದ್ದರೆ 3 ಅಡಿ ಕಾಂಡವನ್ನು ಉಳಿಸಬೇಕು, ಅದು ದೂಡುವದಕ್ಕೆ ಹಿಡಿಕೆಯಂತೆ ಆಗುವದು. ನಿಂತ ಮರಗಳಲ್ಲಿ ಯಾವ ಜಾತಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅಪ್ಪಣೆ ಬೇಕೆಂಬುದನ್ನು ಅರಣ್ಯ ಖಾತೆಯಲ್ಲಿ ಮೊದಲೇ ವಿಚಾರಿಸುವದು ಒಳ್ಳೆಯದು. ಯಂತ್ರದ ಆಸರೆಯ ಕಾಲುಗಳನ್ನು ಹಲಗೆಗಳ ಮೇಲೆ ಊರಿ, ಬುಡದಿಂದ 2–3 ಅಡಿ ದೂರದಲ್ಲಿ ಮೂರು ಮಗ್ಗಲಿಗೆ ಕಾಲುವೆಯಂತೆ ಅಗೆದು, ಪಕ್ಕದ ಬೇರುಗಳನ್ನು ಬಕೆಟ್ಟಿನ ಹಲ್ಲುಗಳಿಂದ ಒಂದೊಂದಾಗಿ ಹರಿಯಬೇಕು. ಕಡೆಗೆ ತಾಯಿಬೇರನ್ನು ಬಿಡಿಸಿ, ಕಾಂಡವನ್ನು ದೂಡಿ ಉರುಳಿಸಬೇಕು. ಬೇರು ಹರಿಯದೆ ಒಮ್ಮೆಲೇ ಎತ್ತಹೋದರೆ ಸಣ್ಣ ಯಂತ್ರವು ತಾನೇ ಎದ್ದು ಮಗುಚುವ ಭಯವುಂಟು. ಯಂತ್ರದ ಕೈ ತಿರುಗುವಷ್ಟು ದೂರದಲ್ಲಿ ಮನುಷ್ಯರನ್ನಾಗಲಿ ದನಗಳನ್ನಾಗಲಿ ನಿಲ್ಲಗೊಡಬಾರದು.

ಮಣ್ಣು: ಮೇಲ್ಮಣ್ಣನ್ನೂ ಸುಣ್ಣದ ಹರಳುಗಳುಳ್ಳ ಒಳಮಣ್ಣನ್ನೂ ಬೇರೆ ಬೇರೆ ಗುಂಪೆ ಹಾಕಿಸುವದು ಮುಖ್ಯ. ಒಳಮಣ್ಣು ಮೇಲೆ ಬಂದ ಜಾಗದಲ್ಲಿ ಬೆಳೆಯು ಹಲವು ವರ್ಷ ಸೊರಗುವದು. ಕುಣಿಗೆ ಮೊದಲು ಒಳಮಣ್ಣನ್ನು ಅರ್ಧರ್ಧ ಅಡಿಯಂತೆ ತುಂಬಿ ತುಳಿಸಿ, ಮೇಲೆ ಮೇಲ್ಮಣ್ಣನ್ನು ಹರಡಬೇಕು. ಮಳೆಗೆ ಕುಸಿಯುವದರಿಂದ ತುಸು ಉಬ್ಬಾಗಿಯೇ ಬಿಡತಕ್ಕದ್ದು.

ಒಡ್ಡು: ವಿಜಾಪುರದಲ್ಲಿ 1933ರಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರವು ಸ್ಥಾಪಿತವಾದಂದಿನಿಂದ, ಈ ಸೀಮೆಯ ಬೇಸಾಯಕ್ಕೆ ಒಡ್ಡೇ ಆಧಾರವೆಂದು ಹೇಳುತ್ತ ಬಂದಿದೆ. ಒಡ್ಡಿನ ಮೇಲಿನ, ಹಳ್ಳದ ದಂಡೆಯ, ಬಾವಿಯ ಅಂಚಿನ ಬೊಡ್ಡೆಗಳನ್ನು ಯಂತ್ರದಿಂದ ಕೀಳಬಾರದು. ಕಿತ್ತ ಸಡಿಲ ಜಾಗದಲ್ಲಿಯೇ ದೊಡ್ಡ ಮಳೆಗೆ ಒಡ್ಡು ಒಡೆದು, ಒಂದು ಬೊಡ್ಡೆಯ ಜಾಗ ಗಳಿಸಹೋಗಿ ಹೊಲದ ಮಣ್ಣನ್ನೇ ಕಳೆದುಕೊಳ್ಳಬೇಕಾದೀತು. ಅಲ್ಲಿಯ ಚಿಗುರುಗಳನ್ನು ಮೇಲಿಂದ ಮೇಲೆ ಸವರುತ್ತಿರುವದೇ ಲೇಸು.

ಇದರ ಕಾಯಿಗಳನ್ನು ದನ ಕುರಿಗಳು ತಿಂದು, ಸೆಗಣಿ ಹಿಕ್ಕೆಗಳ ಮೂಲಕ ಬೀಜವು ಹರಡುವದು. ಆದ್ದರಿಂದ ಕಿತ್ತ ಹೊಲಕ್ಕೆ ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಿ, ಮೊದಲ ಮಳೆಗೆ ಹುಟ್ಟಿದ ಸಸಿಗಳನ್ನು ಎಳೆಯದಿದ್ದಾಗಲೇ ಕೀಳಬೇಕು.

ಯಂತ್ರದ ಬಾಡಿಗೆಯು ತಾಸಿನ ಲೆಕ್ಕದ್ದು. ಊರ ಹಿರಿಯರು ಮುಂದಾಗಿ, ಅಕ್ಕಪಕ್ಕದ ಹೊಲಗಳ ಬೊಡ್ಡೆಗಳಿಗೆ ಸುಣ್ಣದ ಗುರುತು ಹಚ್ಚಿಸಿ, ಒಮ್ಮೆಗೇ ಯಂತ್ರವನ್ನು ತರಿಸಿದರೆ ಸಣ್ಣ ಹಿಡುವಳಿಯವನಿಗೂ ವೆಚ್ಚವು ತಾಳುವದು. ಕಿತ್ತ ಬೇರುಗಳು ಒಣಗಿದ ಮೇಲೆ ಒಳ್ಳೆಯ ಉರುವಲು. ಅವನ್ನು ಹೊಲದಲ್ಲಿಯೇ ಸುಡದೆ ಮನೆಗೆ ಒಯ್ಯುವದು ಲಾಭಕರ.