ಕಬ್ಬು ಗಡಿ ದಾಟಿತು, ಗೊಬ್ಬರ ವಾಪಸ್ ಬರಬೇಕಲ್ವಾ?

ನಾನು ಚಿಕ್ಕೋಡಿ ಕಡೆಯ ಕಬ್ಬು ಬೆಳೆಗಾರ. ಹಂಗಾಮು ಶುರುವಾದ್ರೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಭಾಗದ ಕಬ್ಬು ಕೊಲ್ಹಾಪುರ, ಸಾಂಗ್ಲಿ ಕಾರ್ಖಾನೆಗಳಿಗೂ ಹೋಗುತ್ತೆ. ನಾವೆಲ್ಲ ನೋಡೋದು ಟನ್ ದರ ಮಾತ್ರ. ಆದ್ರೆ ಕಬ್ಬಿನ ಜೊತೆ ನಮ್ಮ ಮಣ್ಣಿನ ಸತ್ವವೂ ಗಡಿ ದಾಟುತ್ತೆ.

2023ರಲ್ಲಿ ಮಹಾರಾಷ್ಟ್ರ ಸರ್ಕಾರ ಹೊರ ರಾಜ್ಯಕ್ಕೆ ಕಬ್ಬು ಕಳಿಸಬಾರದು ಅಂತ ಆದೇಶ ಮಾಡಿ, ರೈತರು ವಿರೋಧಿಸಿದ ಮೇಲೆ ವಾಪಸ್ ತಗೊಂಡಿತು. ಕಬ್ಬಿಗೆ ಇಷ್ಟು ಜಗಳ. ಗೊಬ್ಬರದ ಬಗ್ಗೆ ಮಾತೇ ಇಲ್ಲ.

ಸತ್ವ ಎಲ್ಲಿ ಹೋಗುತ್ತೆ?

ಸಕ್ಕರೆ ಗಾಳಿ-ನೀರಿನಿಂದ ಆಗಿದ್ದು. ಅದರಲ್ಲಿ ಮಣ್ಣಿನ ಸತ್ವ ಇರೋದಿಲ್ಲ. ರಂಜಕ ಹೆಚ್ಚಾಗಿ ಪ್ರೆಸ್‌ಮಡ್‌ನಲ್ಲಿ, ಪೊಟ್ಯಾಶ್ ಹೆಚ್ಚಾಗಿ ಕಾಕಂಬಿಯಲ್ಲಿ ಉಳಿಯುತ್ತೆ. ಒಂದು ಟನ್ ಕಬ್ಬಿಗೆ ಸುಮಾರು 30-40 ಕೆಜಿ ಹಸಿ ಪ್ರೆಸ್‌ಮಡ್ ಸಿಗುತ್ತೆ. ಎಕರೆಗೆ 40 ಟನ್ ಕಳಿಸಿದ್ರೆ 1,200ರಿಂದ 1,600 ಕೆಜಿ ಆಯ್ತು. ಕಾಕಂಬಿಯಿಂದ ಎಥೆನಾಲ್ ತೆಗೆದ ಮೇಲೆ ಉಳಿಯೋದನ್ನ ಸುಟ್ಟು, ಆ ಬೂದಿಯಿಂದ ಪಿಡಿಎಂ ಗೊಬ್ಬರ ಮಾಡ್ತಾರೆ. ಅದರಲ್ಲಿ 14.5% ಪೊಟ್ಯಾಶ್ ಇರುತ್ತೆ.

ಈಗ ಪ್ರೆಸ್‌ಮಡ್‌ಗೆ ಬಯೋಗ್ಯಾಸ್ ಘಟಕಗಳಿಂದಲೂ ಬೇಡಿಕೆ ಇದೆ. ಗ್ಯಾಸ್ ತೆಗೆದರೂ ಸಾರಜನಕ, ರಂಜಕ ಸ್ಲರಿಯಲ್ಲೇ ಇರುತ್ತೆ. ಆ ಸ್ಲರಿ ಗೊಬ್ಬರ ಹೊಲಕ್ಕೆ ಬಂದ್ರೆ ಚಕ್ರ ಪೂರ್ತಿಯಾಗುತ್ತೆ.

ನಾವೇನ್ಮಾಡ್ಬೇಕು?

1. ಗಡಿಯ ಕೆಲವು ಸಹಕಾರಿ ಕಾರ್ಖಾನೆಗಳಲ್ಲಿ ಎರಡೂ ರಾಜ್ಯದ ಸದಸ್ಯರಿದ್ದಾರೆ. ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆ, 2002 ಇದಕ್ಕೆ ಅವಕಾಶ ಕೊಡುತ್ತೆ. ನೀವು ಷೇರುದಾರರಾಗಿದ್ರೆ ವಾರ್ಷಿಕ ಸಭೆಯಲ್ಲಿ ಕೇಳಿ: ಕಳಿಸಿದ ಕಬ್ಬಿನ ಲೆಕ್ಕಕ್ಕೆ ತಕ್ಕಂತೆ ಗೊಬ್ಬರ ಕೊಡ್ತೀರಾ? ಆ ಕಡೆಯ ರೈತರನ್ನೂ ಜೊತೆಗೆ ಸೇರಿಸಿಕೊಳ್ಳಿ.

2. ಕಬ್ಬು ಇಳಿಸಿದ ಟ್ರ್ಯಾಕ್ಟರ್ ಖಾಲಿ ಬರುತ್ತೆ. ಊರಿನ ವಾಟ್ಸ್ಆ್ಯಪ್ ಗ್ರೂಪಲ್ಲಿ ನಾಲ್ಕೈದು ಜನ ಮಾತಾಡ್ಕೊಂಡು ಅದರಲ್ಲೇ ಲೋಡ್ ತರಿಸಿ. ಹಸಿ ಪ್ರೆಸ್‌ಮಡ್‌ನಲ್ಲಿ ಸುಮಾರು 70% ನೀರೇ ಇರುತ್ತೆ. ಕಾಂಪೋಸ್ಟ್ ಆಗಿದ್ದು ಸಿಕ್ಕರೆ ಬಾಡಿಗೆ ಉಳಿಯುತ್ತೆ.

3. ಹಸಿದನ್ನ ನೇರವಾಗಿ ಹೊಲಕ್ಕೆ ಹಾಕ್ಬೇಡಿ. ಕೊಳೆಯುವಾಗ ಬಿಸಿಯಾಗಿ ಬೇರಿಗೆ ಪೆಟ್ಟು ಬೀಳುತ್ತೆ. ರವದಿ, ಸಗಣಿ, ಟ್ರೈಕೋಡರ್ಮಾ ಸೇರಿಸಿ ತಿಪ್ಪೆ ಮಾಡಿ, ಆಗಾಗ ತಿರುವಿ ಹಾಕಿ. ಸುಮಾರು ಎರಡು ತಿಂಗಳು ಕಳಿಯಲಿ. ಆಮೇಲೆ ಎಕರೆಗೆ 4-5 ಟನ್ ಹಾಕಬಹುದು.

4. ಮಣ್ಣು ಪರೀಕ್ಷೆ ಮಾಡಿಸಿ, ಅದನ್ನ ನೋಡಿ ಡಿಎಪಿ ಕಡಿಮೆ ಮಾಡಿ.

ಈ ಸಲ ಕಬ್ಬು ಕಳಿಸುವ ಮಾತಾಗುವಾಗ ದರದ ಜೊತೆ ಗೊಬ್ಬರವನ್ನೂ ಕೇಳಿ. ಕೇಳದಿದ್ರೆ ನಮ್ಮ ಪಾಲು ಬೇರೆಯವರ ಹೊಲಕ್ಕೆ ಹೋಗುತ್ತೆ.